ಒಪ್ಪತ್ತಿನ ದಿನದ ಮಾತ್ರೆ

ನನಗೂ ನನ್ನತ್ತೆಗೂ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ನೀವು ನನ್ನನ್ನು ಭಾರೀ ಗುಣವಂತೆ ಸೊಸೆ ಅಂದುಕೊಂಡರೆ ಶೆಟ್ಟಿಹಳ್ಳಿಯ ನಮ್ಮ ಬೀದಿಯವರು ಬಿದ್ದು ಬಿದ್ದು ನಗುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಸಾರಿಗೆ ಎಷ್ಟು ಹುಣಸೆಹಣ್ಣು ಹಾಕಬೇಕು ಅನ್ನುವುದು ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅತ್ತೆಯನ್ನು ಬೈಯುವ ಹಕ್ಕು ನನ್ನದು. ಇನ್ನೊಬ್ಬರು ಬೈದರೆ ನನಗೆ ಮೈ ಉರಿಯುತ್ತದೆ.

ನಾನು ಸರಳಾ. ವಿದ್ಯಾರಣ್ಯಪುರದ ಆಚೆ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ ನಾನೇ, ಪ್ರೊಜೆಕ್ಟರ್ ಕೆಟ್ಟರೂ ನಾನೇ. 2017ರಲ್ಲಿ ತಪಾಸಣೆಯವರು ಬರುತ್ತಾರೆ ಅಂತಾದಾಗ ಕಾಲೇಜಿಗೆ ಇದ್ದಕ್ಕಿದ್ದಂತೆ ಆನ್‌ಲೈನ್ ಪಾಠದ ಹುಚ್ಚು ಹಿಡಿಯಿತು. ಎರಡನೇ ವರ್ಷದ ನೂರೈವತ್ತು ಹುಡುಗ ಹುಡುಗಿಯರಿಗೆ 'ಔಷಧ ಸುರಕ್ಷತೆ' ಅಂತ ಎಂಟು ಪಾಠ. ಮಾತ್ರೆ ಬರೆಯುವಾಗ, ಕೊಡುವಾಗ, ನುಂಗುವಾಗ ಎಲ್ಲೆಲ್ಲಿ ತಪ್ಪಾಗುತ್ತದೆ ಅನ್ನುವ ಪಾಠ. ವಿಡಿಯೋ ನೋಡಬೇಕು, ಕೊನೆಗೆ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು, ಪಾಸಾದರೆ ಸರ್ಟಿಫಿಕೇಟು. ಅದನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು.

ಮಕ್ಕಳು ಹೇಗೆ ಕಲಿಯುತ್ತಿದ್ದರು ಅಂತ ನನ್ನನ್ನು ಕೇಳಿ. ನಲವತ್ತು ನಿಮಿಷದ ಪಾಠವನ್ನು ಮೂರು ನಿಮಿಷದಲ್ಲಿ ಮುಗಿಸಿದ ಮಹಾನುಭಾವರಿದ್ದರು. ಕಂಪ್ಯೂಟರು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಯಾರು ಯಾವಾಗ ಬಂದರು, ಎಲ್ಲಿ ಒತ್ತಿದರು, ಎಷ್ಟು ಹೊತ್ತು ಇದ್ದರು. ವಿಡಿಯೋ ಮುಗಿಯುವವರೆಗೂ ಮುಂದಿನ ಪುಟಕ್ಕೆ ಹೋಗುವ ಗುಂಡಿಯೇ ಕಾಣದಂತೆ ಮಾಡಿದೆ. ಆಗ ಅವರು ಫೋನಿನಲ್ಲಿ ವಿಡಿಯೋ ಹಚ್ಚಿ, ಮೇಜಿನ ಮೇಲೆ ಮಲಗಿಸಿ, ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿನ್ನತೊಡಗಿದರು. ಒಬ್ಬ ನನ್ನ ಮುಖ ನೋಡಿ, "ಮ್ಯಾಮ್, ಪಾಠ ನಡೀತಿದೆ, ಶ್!" ಅಂದ. ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸೆಪ್ಟೆಂಬರಿನಲ್ಲಿ ಐದನೇ ಪಾಠ ಪೆನ್‌ಡ್ರೈವಿನಲ್ಲಿ ನನ್ನ ಕೈಗೆ ಬಂತು. ಅದನ್ನು ಮಾಡಿದವರು ಡಾಕ್ಟರ್ ಕೀರ್ತಿ. ಗದಗಿನ ಕಡೆಯವರು, ಔಷಧ ವಿಜ್ಞಾನ ಕಲಿಸುವ ಹೊಸ ಮೇಡಂ. ನಾನು ಪ್ರಶ್ನೆಗಳನ್ನು ಒಂದೊಂದಾಗಿ ತುಂಬುತ್ತಾ ಏಳನೆಯದಕ್ಕೆ ಬಂದೆ. ಇಂಗ್ಲಿಷಿನಲ್ಲಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಅರವತ್ತೆರಡು ವರ್ಷದ ಹೆಂಗಸು, ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಊಟಕ್ಕೆ ಮುಂಚೆ ಅಂತ ಕೊಟ್ಟಿದ್ದ ಮಾತ್ರೆಯನ್ನು ಎರಡೂ ಒಟ್ಟಿಗೆ ನುಂಗಿದ್ದಾಳೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪಕ್ಕದ ಮನೆಯವಳು ಆಟೋದಲ್ಲಿ ತಂದು ಹಾಕಿದ್ದಾಳೆ. ರಕ್ತದಲ್ಲಿ ಸಕ್ಕರೆ ಮೂವತ್ತೆಂಟಕ್ಕೆ ಇಳಿದಿದೆ. ತಪ್ಪು ಯಾರದು? ಮೊದಲನೆಯದು, ಮಾತ್ರೆ ಬರೆದವರದು. ಎರಡನೆಯದು, ಔಷಧದ ಅಂಗಡಿಯವರದು. ಮೂರನೆಯದು, ನರ್ಸಿನದು. ನಾಲ್ಕನೆಯದು, ಹೇಳಿದ್ದನ್ನು ಕೇಳದ ರೋಗಿಯದು. ಸರಿಯುತ್ತರ ನಾಲ್ಕು.

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅರವತ್ತೆರಡು ವರ್ಷದ ಆ ಹೆಂಗಸು ನನ್ನತ್ತೆ ವರಲಕ್ಷ್ಮಮ್ಮ.

ಅವತ್ತು ಆದದ್ದು ಇಷ್ಟು. ಶ್ರಾವಣ ಶನಿವಾರ ನಮ್ಮ ಮನೆಯಲ್ಲಿ ತಿಮ್ಮಪ್ಪನಿಗೆ ತಳಿಗೆ ಇಡುತ್ತೇವೆ. ಅತ್ತೆಗೆ ಅವತ್ತು ಒಪ್ಪತ್ತು, ಅಂದರೆ ಇಡೀ ದಿನಕ್ಕೆ ಒಂದೇ ಊಟ. ಅದೂ ಅಡುಗೆಯೆಲ್ಲ ಬಾಳೆಲೆಯ ಮೇಲೆ ಬಡಿಸಿಟ್ಟು, ದಾಸಯ್ಯ ಬಂದು ಶಂಖ ಊದಿ, ಜಾಗಟೆ ಬಾರಿಸಿ, ಗೋವಿಂದ ಹೇಳಿಸಿದ ಮೇಲೆ. ನಮ್ಮ ಕಡೆಗೆಲ್ಲ ದಾಸಯ್ಯ ಅಂದರೆ ಮುನಿವೆಂಕಟಯ್ಯ ಒಬ್ಬರೇ. ಪ್ರತಿವರ್ಷ ಒಂದು ಗಂಟೆಗೆ ನಮ್ಮ ಮನೆ. ಡಾಕ್ಟರು ಊಟಕ್ಕೆ ಅರ್ಧ ಗಂಟೆ ಮುಂಚೆ ಅಂದಿದ್ದಾರೆ ಅಂತ ಅತ್ತೆ ಗಡಿಯಾರ ನೋಡಿ, ಹನ್ನೆರಡೂವರೆಗೆ ಸರಿಯಾಗಿ ಮಾತ್ರೆ ನುಂಗಿದರು. ದಿನದ ಮಾತ್ರೆ ಎರಡು, ದಿನದ ಊಟ ಒಂದು, ಆದ್ದರಿಂದ ಎರಡನ್ನೂ. ಮುನಿವೆಂಕಟಯ್ಯ ಗಂಗಮ್ಮನ ಗುಡಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಎರಡೂವರೆಯಾದರೂ ಬರಲಿಲ್ಲ. ನಾನು ಕಾಲೇಜಿನಲ್ಲಿದ್ದೆ, ನನ್ನ ಗಂಡ ಫ್ಯಾಕ್ಟರಿಯಲ್ಲಿದ್ದರು. ಪಕ್ಕದ ಮನೆಯ ಫಖ್ರುನ್ನೀಸಾ ಏನೋ ಕೇಳಲು ಬಂದವಳು, ಅತ್ತೆ ಬೆವೆತು ನೀರಾಗಿ, ತೊದಲುತ್ತಾ ಗೋಡೆಗೆ ಒರಗಿ ಕೂತಿದ್ದನ್ನು ಕಂಡಳು. ಅವಳ ಗಂಡನಿಗೂ ಸಕ್ಕರೆ ಇದೆ, ಹಾಗಾಗಿ ಗುರುತು ಹಿಡಿದಳು. ಸಕ್ಕರೆ ಕಲಸಿದ ನೀರು ಕುಡಿಸಿ, ಆಟೋ ಹಿಡಿದು, ನನ್ನ ಕಾಲೇಜಿನ ಆಸ್ಪತ್ರೆಗೇ ತಂದಳು. ಎದುರಿಗೆ ಬಡಿಸಿಟ್ಟ ಪಾಯಸವಿತ್ತು. ದೇವರಿಗೆ ಮುಂಚೆ ಅದನ್ನು ಮುಟ್ಟಲು ಅತ್ತೆಯ ಕೈ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ವಾರ್ಡಿಗೆ ಆನಂದಪ್ಪ ಸಾರ್ ಬಂದರು. ಮೆಡಿಸಿನ್ ವಿಭಾಗದ ಮುಖ್ಯಸ್ಥರು. ಅತ್ತೆಗೆ ಆ ಮಾತ್ರೆ ಬರೆದುಕೊಟ್ಟವರೂ ಅವರೇ. ಹಿಂದೆ ಹನ್ನೆರಡು ಮಂದಿ ವಿದ್ಯಾರ್ಥಿಗಳು. ಹಾಸಿಗೆಯ ಕಾಲ ಬಳಿ ನಿಂತು, ಇಡೀ ವಾರ್ಡಿಗೆ ಕೇಳುವ ಹಾಗೆ ಅತ್ತೆಯನ್ನು ಬೈದರು.

"ಏನಮ್ಮಾ, ಹೇಳಿದ್ದು ಕಿವಿಗೆ ಬೀಳಲ್ವಾ? ಬುದ್ಧಿ ಬೇಡ್ವಾ ಇಷ್ಟು ವಯಸ್ಸಾಗಿ? ವ್ರತ, ಉಪವಾಸ ಅಂತ ಸಾಯೋದು ನೀವು, ಕೆಟ್ಟ ಹೆಸರು ಮಾತ್ರ ನಮಗೆ!"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ನಾನು ಪಕ್ಕದಲ್ಲೇ ಇದ್ದೆ, ಕೊರಳಲ್ಲಿ ಕಾಲೇಜಿನ ಕಾರ್ಡು ನೇತುಹಾಕಿಕೊಂಡು. ಚೀಟಿ ಓದಿ, "ದಿನಕ್ಕೆರಡು, ಊಟಕ್ಕೆ ಮುಂಚೆ," ಅಂತ ಅತ್ತೆಗೆ ಹೇಳಿಕೊಟ್ಟವಳು ನಾನೇ. ಆದರೂ ಬಾಯಿ ಬಿಡಲಿಲ್ಲ. ಹೆದರಿದೆ. ಇದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮನೆಗೆ ಬಂದ ಮೇಲೆ ಅತ್ತೆ ಮಾತ್ರೆಯ ಡಬ್ಬಿಯನ್ನು ಅಟ್ಟಕ್ಕೆ ಎಸೆದರು. "ಬುದ್ದಿ ಇಲ್ದೋಳಿಗೆ ಮಾತ್ರೆ ಯಾಕವ್ವಾ? ನಾನು ತಗಳಾಕಿಲ್ಲ. ಆ ಆಸ್ಪತ್ರೆ ಮೆಟ್ಲೂ ಅತ್ತಾಕಿಲ್ಲ," ಅಂದರು. ಗಂಡ ಹೇಳಿ ನೋಡಿದರು, ನಾನು ಕೂಗಾಡಿ ನೋಡಿದೆ. ಅಲುಗಲಿಲ್ಲ. ಒಂದು ತಿಂಗಳಲ್ಲಿ ಸಕ್ಕರೆ ಮುನ್ನೂರು ದಾಟಿತು. ಅಂಗಾಲು ಉರಿ ಅಂತ ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ಆ ಹೊತ್ತಿಗೆ ನನ್ನ ಕೈಗೆ ಈ ಏಳನೇ ಪ್ರಶ್ನೆ ಬಂತು.

ಪೆನ್‌ಡ್ರೈವ್ ಕಿತ್ತುಕೊಂಡು ನೇರವಾಗಿ ಕೀರ್ತಿ ಮೇಡಂ ಕೋಣೆಗೆ ನುಗ್ಗಿದೆ.

"ಏಳನೇ ಪ್ರಶ್ನೆ ನಾನು ಹಾಕಲ್ಲ," ಅಂದೆ. "ಅದು ನಮ್ಮತ್ತೆ."

ಅವರು ಗಾಬರಿಯಾದರು. "ಅಯ್ಯ, ನನಗ ಗೊತ್ತಿರಲಿಲ್ರೀ ಸರಳಾ. ವಾರ್ಡಿನ ಫೈಲಿನಾಗಿಂದ ತಗೊಂಡೆ. ಹೆಸರು ಹಾಕಿಲ್ಲಲ್ಲ?"

"ಹೆಸರು ಹಾಕಿ ಬೇಕಾದ್ರೆ. ಉತ್ತರ ಮಾತ್ರ ಸರಿಯಾಗಿ ಹಾಕಿ. ಅವ್ರು ಹೇಳಿದ್ದು ಕೇಳ್ಲಿಲ್ಲ ಅಂತ ಬರ್ದಿದೀರಲ್ಲ, ನಿಮಿಷ ಲೆಕ್ಕ ಹಾಕಿ ಕೇಳಿದಾರೆ ಕಣ್ರೀ!"

"ಆದ್ರೂ ಎರಡು ಗುಳಿಗಿ ಒಮ್ಮೆಲೇ ನುಂಗೂದು ತಪ್ಪಲ್ಲೇನ್ರೀ? ಊಟಾ ಬಿಡೂದಿತ್ತಂದ್ರ ಡಾಕ್ಟರ್‌ಗೆ ಕೇಳ್ಬೇಕಿತ್ತು."

"ಡಾಕ್ಟ್ರು ಇವ್ರನ್ನ ಕೇಳಿದ್ರಾ, ಯಾವತ್ತಾದ್ರೂ ಊಟ ಬಿಡ್ತೀರಾ ಅಂತ? ಶ್ರಾವಣ ಅವ್ರಿಗೆ ಗೊತ್ತಿಲ್ವಾ? ಅವ್ರೇನು ಲಂಡನ್ನಿಂದ ಬಂದಿದಾರಾ?"

ಕೀರ್ತಿ ಮೇಡಂ ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. ಆಮೇಲೆ ನನಗೇನೂ ಹೇಳದೆ ಫೋನ್ ತೆಗೆದು ಊರಿಗೆ ಹಚ್ಚಿದರು. ಅವರ ತಾಯಿ ನಿಂಗವ್ವನವರಿಗೂ ಸಕ್ಕರೆ ಕಾಯಿಲೆ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಅವ್ವಾ, ಶ್ರಾವಣ ಸೋಮವಾರ ಗುಳಿಗಿ ಹ್ಯಾಂಗ ತಗೋತಿದ್ದಿ?"

"ಯಾವಾಗ್ಲೂ ತಗೊಂಡಂಗ. ಮುಂಜಾನೆ ಒಂದು, ರಾತ್ರಿ ಒಂದು. ತಪ್ಪಸಬ್ಯಾಡ ಅಂತ ನೀನ ಹೇಳಿಯಲ್ಲ."

"ಊಟಾ ಎಷ್ಟಕ್ಕ?"

"ಗುಡಿಗೆ ಹೋಗಿ ಬರೂದ್ರಾಗ ಮೂರು ಹೊಡೀತೈತಿ."

"ಅಲ್ಲೀ ತನಕಾ ಏನೂ ತಿನ್ನಂಗಿಲ್ಲ? ಮೈ ನಡುಗೂದಿಲ್ಲೇನವ್ವಾ?"

"ನಡುಗತೈತಿ. ಬೆವರೂ ಬರ್ತೈತಿ," ಅಂದರು ನಿಂಗವ್ವ, ಏನೋ ಪುಣ್ಯದ ಸಮಾಚಾರ ಹೇಳುವವರ ಹಾಗೆ. "ದೇವರು ಮೈಯಾಗ ಬಂದಂಗ ಆಗತೈತಿ ನೋಡು. ಹಂಗ ಕಣ್ಣು ಮುಚ್ಚಿ ಕುಂದರತೀನಿ. ಯಾಕವ್ವಾ?"

ಮಗಳು "ನಾನು ಬರ್ತೀನಿ, ತಡೀ," ಅಂತ ಫೋನಿಟ್ಟರು. ಔಷಧ ವಿಜ್ಞಾನದಲ್ಲಿ ಚಿನ್ನದ ಪದಕ ತೆಗೆದುಕೊಂಡ ಹೆಣ್ಣುಮಗಳು ಮೇಜಿನ ಮೇಲೆ ಕೈಯೂರಿ, ಅದರ ಮೇಲೆ ತಲೆಯಿಟ್ಟು ಅತ್ತರು. ಜಗಳಕ್ಕೆ ಬಂದಿದ್ದ ನಾನು ನೀರು ತಂದುಕೊಟ್ಟೆ.

ಅವತ್ತೇ ಅವರು ತಮ್ಮ ಲಾಗಿನ್ನಿನಿಂದ ಸರಿಯುತ್ತರವನ್ನು ನಾಲ್ಕರಿಂದ ಒಂದಕ್ಕೆ ಬದಲಾಯಿಸಿದರು. ಕೆಳಗೆ ಇನ್ನೊಂದು ಪ್ರಶ್ನೆ ಸೇರಿಸಿದರು: ಈ ರೋಗಿಗೆ ಮಾತ್ರೆ ಬರೆಯುವ ಮೊದಲು ನೀವು ಏನು ಕೇಳುತ್ತಿದ್ದಿರಿ? ಒತ್ತಲು ನಾಲ್ಕು ಉತ್ತರಗಳಿಲ್ಲ, ಬರೆಯಲೇಬೇಕು. ಆಮೇಲೆ, "ನಿಮ್ಮತ್ತಿ ಮಾತಾಡ್ತಾರೇನ್ರೀ? ಅವರ ಬಾಯಿಂದನ ಕೇಳ್ಸೋಣು," ಅಂದರು.

ಅತ್ತೆ ಮೊದಲು ಒಪ್ಪಲಿಲ್ಲ. ಭಾನುವಾರ ಕೀರ್ತಿ ಮೇಡಂ ಮನೆಗೇ ಬಂದು, ಅಡುಗೆಮನೆಯ ಹೊಸಿಲ ಬಳಿ ನೆಲದ ಮೇಲೆ ಕೂತು, ತಮ್ಮ ಅವ್ವನ ಕತೆ ಹೇಳಿದರು. ಅತ್ತೆ ಅಲಸಂದೆಕಾಯಿ ಬಿಡಿಸುತ್ತಾ ಎಲ್ಲ ಕೇಳಿದರು. ಆಮೇಲೆ ಕೈ ಒರೆಸಿಕೊಂಡು, "ಇಡ್ಕಳೇ ನಿನ್ ಫೋನ," ಅಂತ ನನಗೆ ಹೇಳಿದರು. ವಿಡಿಯೋ ಒಂದೂವರೆ ನಿಮಿಷ ಬಂತು. ನೇರವಾಗಿ ನೋಡುತ್ತಾ ಅಂದರು:

"ಮಾತ್ರೆ ಎಲ್ಡು, ಊಟುಕ್ಕೆ ಮುಂಚೆ ಅಂತ ಅಂದ್ರಿ. ಅವತ್ತು ನಂಗೆ ಊಟ ಒಂದೇ. ಅದ್ಕೇ ಎಲ್ಡೂ ಒಟ್ಗೇ ನುಂಗ್ದೆ. ನೀವು ಏಳ್ದಂಗೇ ಮಾಡಿವ್ನಿ. ಎಲ್ಡು ಊಟ ಮಾಡ್ತೀಯಾ ಒಂದು ಮಾಡ್ತೀಯಾ ಅಂತ ಒಬ್ರಾದ್ರೂ ಕೇಳಿದ್ರಾ? ಆಮ್ಯಾಕೆ ಬುದ್ದಿ ಇಲ್ವಾ ಅಂದ್ರಿ. ಯಾರಿಗಿಲ್ಲ ಬುದ್ದಿ?"

ಸೋಮವಾರ ಪಾಠ ಏರಿಸಿದೆ. ಕೀರ್ತಿ ಮೇಡಂ ರಜೆ ಹಾಕಿ ತಾಯಿಯನ್ನು ನೋಡಲು ಗದಗಿಗೆ ಹೋದರು. ಬುಧವಾರ ಆನಂದಪ್ಪ ಸಾರ್ ನನ್ನ ಕೋಣೆಗೆ ಬಂದರು. ಆನ್‌ಲೈನ್ ಪಾಠದ ಸಮಿತಿಗೂ ಅವರೇ ಅಧ್ಯಕ್ಷರು. ಅಲ್ಲಿಯವರೆಗೆ ಒಂದು ಸಲವೂ ಆ ಕೋಣೆಗೆ ಕಾಲಿಟ್ಟವರಲ್ಲ.

"ಆ ವಿಡಿಯೋ ತೆಗೀರಿ. ಆನ್ಸರ್ ನಾಲ್ಕೇ ಇರ್ಲಿ," ಅಂದರು. "ತಪಾಸಣೆಯವ್ರು ನೋಡಿದ್ರೆ ಏನ್ ಗತಿ? ನಿಮ್ಮ ಮನೆಯವ್ರು ಅಂತ ಪಾಠ ಬದಲಾಯ್ಸೋಕಾಗುತ್ತೇನ್ರೀ?"

"ಬದಲಾಯ್ಸಿದ್ದು ಪಾಠ ಮಾಡಿದ ಮೇಡಂ, ಸಾರ್."

"ಅವ್ರು ಇನ್ನೂ ಜೂನಿಯರ್ರು. ನಾನು ಹೇಳ್ತಿದೀನಲ್ಲ, ಈಗ್ಲೇ ಬದಲಾಯ್ಸಿ. ಅಂದ ಹಾಗೆ, ನಿಮ್ಮ ಕಾಂಟ್ರಾಕ್ಟು ಡಿಸೆಂಬರ್‌ಗೆ ಮುಗಿಯುತ್ತೆ ಅಲ್ವಾ?"

ಇಂಥ ಮಾತು ಕೇಳಿದರೆ ಕೈಕಾಲು ತಣ್ಣಗಾಗಬೇಕು. ನನಗೆ ಉಲ್ಟಾ. ವಾರ್ಡಿನಲ್ಲಿ ನುಂಗಿಕೊಂಡಿದ್ದೆಲ್ಲ ಗಂಟಲಿಗೆ ಬಂತು. ಆದರೆ ಕೂಗಾಡಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ಪರದೆಯನ್ನು ಅವರ ಕಡೆಗೆ ತಿರುಗಿಸಿದೆ.

"ನೋಡಿ ಸಾರ್. ಯಾರು, ಯಾವತ್ತು, ಎಷ್ಟು ಗಂಟೆಗೆ, ಏನನ್ನು ಬದಲಾಯ್ಸಿದ್ರು ಅಂತ ಇದ್ರಲ್ಲಿ ಬರುತ್ತೆ. ಅಳ್ಸೋಕೆ ನನ್ನ ಕೈಲೂ ಆಗಲ್ಲ. ಕೀರ್ತಿ ಮೇಡಂ ಹೆಸ್ರು ಇಲ್ಲಿದೆ. ಅಧ್ಯಕ್ಷರಾಗಿ ನಿಮ್ಮ ಲಾಗಿನ್‌ಗೂ ಹಕ್ಕಿದೆ. ನೀವೇ ಬದಲಾಯ್ಸಿ."

ಕೀಬೋರ್ಡನ್ನು ಅವರ ಮುಂದೆ ಸರಿಸಿದೆ.

"ನಂಗೆ ಪಾಸ್‌ವರ್ಡ್ ನೆನಪಿಲ್ಲ."

"ಹೊಸದು ಮಾಡ್ಕೊಡ್ತೀನಿ ಸಾರ್. ಎರಡೇ ನಿಮಿಷ."

"ರೀ, ನಾನು ಹೇಳ್ದೆ ಅಂತ ನೀವೇ ಮಾಡ್ರೀ!"

"ಹಾಗಾದ್ರೆ ಹಾಗಂತ ಬರ್ದು ಸಹಿ ಹಾಕ್ಕೊಡಿ. ರೋಗಿದೇ ತಪ್ಪು, ಉತ್ತರ ನಾಲ್ಕು, ಆನಂದಪ್ಪ ಅಂತ. ಅವತ್ತು ವಾರ್ಡಲ್ಲಿ ನಾನು ಬಾಯಿ ಮುಚ್ಕೊಂಡಿದ್ದೆ ಸಾರ್. ಇವತ್ತು ಮುಚ್ಚಲ್ಲ. ಡಿಸೆಂಬರ್‌ಗೆ ಕಳ್ಸೋದಾದ್ರೆ ಕಳ್ಸಿ."

ಬಿಳಿ ಹಾಳೆಯೊಂದನ್ನು ಪ್ರಿಂಟರಿನಿಂದ ಎಳೆದು ಮುಂದಿಟ್ಟೆ. ಅವರು ಹಾಳೆ ನೋಡಿದರು, ಪರದೆ ನೋಡಿದರು, ನನ್ನನ್ನು ನೋಡಿದರು. ಜೇಬಿನ ಪೆನ್ನಿಗೆ ಕೈಹೋದದ್ದು ಹಾಗೇ ವಾಪಸು ಬಂತು. "ಇದು ಇಲ್ಲಿಗೆ ಮುಗೀಲಿಲ್ಲ," ಅಂತ ಹೊರಟುಹೋದರು. ಬಾಗಿಲು ಮುಚ್ಚಿದ ಮೇಲೆ ಡಿಸೆಂಬರಿಗೆ ಇನ್ನೆಷ್ಟು ವಾರ ಅಂತ ಕ್ಯಾಲೆಂಡರ್ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಪಾಠ ಇದ್ದ ಹಾಗೇ ಇತ್ತು.

ಶುಕ್ರವಾರದ ಹೊತ್ತಿಗೆ ನೂರಾ ನಲವತ್ತೇಳು ಉತ್ತರ ಬಂದಿದ್ದವು. ಅದರಲ್ಲಿ ಅರವತ್ತಮೂರು ಜನರದ್ದು ಒಂದೇ ವಾಕ್ಯ. ಒಬ್ಬ ಬರೆದದ್ದನ್ನು ಮಿಕ್ಕವರು ಎತ್ತಿ ಅಂಟಿಸಿದ್ದರು. ಕತ್ತೆಗಳು. ಆದರೆ ಉಳಿದವರು ಬರೆದಿದ್ದರು. ಒಬ್ಬಳು ರಂಜಾನಿನಲ್ಲಿ ತನ್ನ ಅಜ್ಜಿ ಮಾತ್ರೆ ಹೇಗೆ ನುಂಗುತ್ತಾಳೋ ಇವತ್ತೇ ಕೇಳುತ್ತೇನೆ ಅಂದಿದ್ದಳು. ಒಬ್ಬ, ಗಾರೆ ಕೆಲಸ ಮಾಡುವ ತನ್ನಪ್ಪ ಬೆಳಿಗ್ಗೆ ಬರೀ ಟೀ ಕುಡಿದು ಹೋಗುತ್ತಾನೆ, ಅದು ಊಟವೋ ಅಲ್ಲವೋ ಅಂತ ಕೇಳಿದ್ದ. ಕ್ಯಾಂಟೀನಿನಲ್ಲಿ ನನಗೆ ಶ್ ಅಂದಿದ್ದ ಹುಡುಗನದ್ದು ಒಂದೇ ಸಾಲು: ಈ ಅಮ್ಮನಿಗೆ ಯಾರಾದರೂ ತಪ್ಪಾಯ್ತು ಅಂದರಾ?

ಅದನ್ನು ಎರಡು ಸಲ ಓದಿದೆ. ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ.

ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆದು ಮನೆಗೆ ಒಯ್ದೆ. ಅತ್ತೆ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದರು. ಕನ್ನಡದಲ್ಲಿ ಒಂದೊಂದೇ ಹೇಳಿದೆ. ಕೊನೆಗೆ, "ನನ್ನದೂ ತಪ್ಪು ಅತ್ತೆ. ಚೀಟಿ ಓದಿ ಹೇಳಿದ್ದು ನಾನು. ಶನಿವಾರ ಏನ್ ಮಾಡ್ತೀರ ಅಂತ ನನಗೂ ಹೊಳೀಲಿಲ್ಲ. ವಾರ್ಡಲ್ಲೂ ನಿಮ್ಮ ಪರ ಮಾತಾಡ್ಲಿಲ್ಲ. ತಪ್ಪಾಯ್ತು," ಅಂದೆ. ಮದುವೆಯಾದ ಹದಿಮೂರು ವರ್ಷದಲ್ಲಿ ಅವರಿಗೆ ನಾನು ಹಾಗೆ ಅಂದದ್ದು ಅದೇ ಮೊದಲು.

ಅತ್ತೆ ಬಕೆಟ್ಟಿನಿಂದ ಕಾಲೆತ್ತಿ ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಕೇಳಿದರು, "ಆ ದೊಡ್ ಡಾಕುಟ್ರು ಏನ್ ಬರ್ದವ್ರೆ?"

"ಅವ್ರು ಏನೂ ಬರ್ದಿಲ್ಲ."

"ಅಂಗಾರೆ ನಡೀ, ಸ್ವಾಮಾರ ಓಗಾನ."

ಸೋಮವಾರ ಹೊರರೋಗಿಗಳ ವಿಭಾಗದಲ್ಲಿ ನಮ್ಮ ಚೀಟಿಯ ನಂಬರು ಬಂದಾಗ ಹನ್ನೊಂದು ಗಂಟೆ. ಆನಂದಪ್ಪ ಸಾರ್ ಸುತ್ತ ವಿದ್ಯಾರ್ಥಿಗಳು ನಿಂತಿದ್ದರು. ಅತ್ತೆಯನ್ನು ಕಂಡದ್ದೇ ಅವರಲ್ಲಿ ಇಬ್ಬರು ಮೂವರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ವಿಡಿಯೋದಲ್ಲಿ ನೋಡಿದ ಮುಖ. ಸಾರ್ ತಲೆ ಎತ್ತಲಿಲ್ಲ. ರಕ್ತಪರೀಕ್ಷೆಯ ಹಾಳೆ ನೋಡಿ, "ಮುನ್ನೂರ ಇಪ್ಪತ್ತು," ಅಂತ ಗೊಣಗಿ, ಚೀಟಿ ಎಳೆದುಕೊಂಡು ಪೆನ್ನು ಊರಿದರು.

ಅತ್ತೆ ಮುಂದೆ ಬಾಗಿ ಆ ಚೀಟಿಯ ಮೇಲೆ ತಮ್ಮ ಅಂಗೈ ಇಟ್ಟರು. ಅಲಸಂದೆಕಾಯಿ ಬಿಡಿಸಿ ಉಗುರು ಹಸಿರುಗಟ್ಟಿದ್ದ ಕೈ. ಪೂರ್ತಿ ಚೀಟಿ ಮುಚ್ಚಿಹೋಯಿತು.

"ಬರೀಬ್ಯಾಡಿ. ಮೊದ್ಲು ಕೇಳಿ," ಅಂದರು.

ಪೆನ್ನು ಅತ್ತೆಯ ಬೆರಳಿನ ಪಕ್ಕದಲ್ಲೇ ನಿಂತಿತ್ತು. ಹಿಂದಿನಿಂದ ಒಬ್ಬಳು ಹುಡುಗಿ ಮೆಲ್ಲಗೆ, "ಅಜ್ಜಿ, ನೀವು ಯಾವ್ಯಾವ ದಿನ ಒಪ್ಪತ್ತು..." ಅಂತ ಶುರುಮಾಡಿದಳು.

"ನೀನಲ್ಲ ಕಣವ್ವಾ. ಇವ್ರು ಕೇಳ್ಲಿ."

ಆನಂದಪ್ಪ ಸಾರ್ ನನ್ನ ಕಡೆ ನೋಡಿದರು. ನಾನೂ ನೋಡಿದೆ, ಕಣ್ಣು ತಪ್ಪಿಸಲಿಲ್ಲ. ವಿದ್ಯಾರ್ಥಿಗಳ ಕಡೆ ನೋಡಿದರು; ಅವರೆಲ್ಲ ಚೀಟಿಯ ಮೇಲಿನ ಆ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡು, ಹತ್ತಿರವಿದ್ದ ನಮಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದರು, "ಅಮ್ಮಾ, ಶನಿವಾರ ಎಷ್ಟು ಸಲ ಊಟ ಮಾಡ್ತೀರಿ?"

ಅತ್ತೆ ಕೈ ತೆಗೆಯಲಿಲ್ಲ.

"ಗಟ್ಟಿಯಾಗಿ ಕೇಳಿ ಸ್ವಾಮಿ," ಅಂದರು. "ಅವತ್ತು ಬೈದಿದ್ದು ಇಡೀ ವಾರ್ಡ್‌ಗೇ ಕೇಳ್ಸಿತ್ತು."